ಕುಂಕುಮವಿಟ್ಟ ತೋಟಾಗಳು

ಈಚೆಗೆ ಇಲಾಖೆಗೆ ಗಾರ್ಡುಗಳಾಗಿ ಸೇರಿದ ಕೆಲವರು ಆಗಾಗ ಮನೆಗೆ ಬರುತ್ತಾರೆ. ಮಹಾರಾಜರ ಕಾಲದಲ್ಲಿ ಈ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಲು ಹೋದರೆ ನಾನು ಒಂದು ಕಡೆ ನಿಂತುಬಿಡುತ್ತೇನೆ. ಆ ಜಾಗದಲ್ಲಿ ಕೇಳುವವರು ಮಾತ್ರ ನಗುತ್ತಿರುತ್ತಾರೆ. ಅವರದು ತಪ್ಪಲ್ಲ. ನಡೆದದ್ದು ನಗುವಂಥದ್ದೇ. ಅದಕ್ಕೇ ಬರೆದಿಡುತ್ತಿದ್ದೇನೆ. ನೋಡಿದ್ದನ್ನು ನೋಡಿದೆ ಎಂದು ಬರೆಯುತ್ತೇನೆ, ಬೇರೆಯವರು ಹೇಳಿದ್ದನ್ನು ಹೇಳಿದರು ಎಂದು ಬರೆಯುತ್ತೇನೆ.

ನನ್ನ ಊರು ಎಡತೊರೆ, ಈಗ ಕೃಷ್ಣರಾಜನಗರ ಅನ್ನುತ್ತಾರೆ. ನನ್ನನ್ನು ಮೊದಲು ಹಾಕಿದ್ದು ಹುಣಸೂರು ತಾಲ್ಲೂಕಿನಲ್ಲಿ, ಗಾವಡಗೆರೆಯಿಂದ ಮೂರು ಮೈಲಿ ಆಚೆ ಇದ್ದ ಒಂದು ಹಳೆಯ ಕೆರೆಗೆ. ಅದರಲ್ಲಿ ಅರ್ಧ ಹೂಳು ತುಂಬಿ ಜವುಗಾಗಿತ್ತು, ಎದೆಯುದ್ದ ಜೊಂಡು ಬೆಳೆದಿತ್ತು. ಊರವರು ಅದನ್ನು ದೊಡ್ಡ ಜವುಗು ಎನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲೆಲ್ಲಿಂದಲೋ ನೀರಹಕ್ಕಿಗಳು ಬಂದು ಇಳಿಯುತ್ತಿದ್ದವು. ಅವುಗಳ ಹಿಂದೆಯೇ ದೊರೆಗಳು, ಅಧಿಕಾರಿಗಳು ಬರುತ್ತಿದ್ದರು. ಕೆಲವರು ಹಕ್ಕಿ ನೋಡಲು ಬರುತ್ತಿದ್ದರು, ಕೆಲವರು ಹೊಡೆಯಲು. ಇನ್ನು ಕೆಲವರಿಗೆ ಬೇಕಾದದ್ದು ಮೀನು. ಪರವಾನಗಿ ಇದ್ದವರನ್ನು ಒಳಗೆ ಬಿಡುವುದು, ಇಲ್ಲದವರನ್ನು ತಡೆಯುವುದು, ಇದು ನನ್ನ ಕೆಲಸ. ಒಂದು ಖಾಕಿ ಕೋಟು, ಒಂದು ದೊಣ್ಣೆ ಮತ್ತು ಒಂದು ದಫ್ತರು ಕೊಟ್ಟಿದ್ದರು. ಕೋಟು ನನಗಿಂತ ದಪ್ಪವಾಗಿದ್ದವರಿಗೆ ಹೊಲಿದದ್ದು.

ನನ್ನ ಮೊದಲ ಎಡವಟ್ಟು ದಫ್ತರಿನದೇ. ಕೆರೆಯ ಹಕ್ಕಿಗಳ ಪಟ್ಟಿ ಕಳುಹಿಸಬೇಕೆಂದು ಮೇಲಿನಿಂದ ಒಂದು ನಮೂನೆ ಬಂತು. ಅದನ್ನು ಯಾವುದೋ ಬೇರೆ ಕೆಲಸಕ್ಕೆ ಅಚ್ಚು ಹಾಕಿಸಿದ್ದರೆಂದು ಕಾಣುತ್ತದೆ. ಹೆಸರು, ಸಂಖ್ಯೆ ಆದಮೇಲೆ ‘ಖಾಯಂ ವಾಸಸ್ಥಳ’ ಎಂದು ಒಂದು ಅಂಕಣ ಇತ್ತು. ಊರವರನ್ನು ಕೇಳಿದೆ. ಕೊಕ್ಕರೆ, ನೀರುಕಾಗೆ, ಹುಂಡುಕೋಳಿ ನಮ್ಮವು, ಬಾತುಗಳು ಮಾತ್ರ ಪರಸ್ಥಳದವು ಎಂದರು. ಯಾವ ಸ್ಥಳ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ‘ತಿಳಿಯದು, ವಿಚಾರಿಸಬೇಕಾಗಿದೆ’ ಎಂದು ಬರೆದು ಕಳುಹಿಸಿದೆ. ಹದಿನೈದು ದಿನಕ್ಕೆ ಕಾಗದ ವಾಪಸು ಬಂತು. ಕೆಳಗೆ ಕೆಂಪು ಶಾಯಿಯಲ್ಲಿ ‘ವಿಚಾರಿಸಿ ವರದಿ ಮಾಡುವುದು’ ಎಂದಿತ್ತು. ಎರಡು ದಿನ ನಾನು ನಿಜವಾಗಿಯೂ ನಿದ್ದೆ ಮಾಡಲಿಲ್ಲ. ನಮ್ಮ ರೇಂಜರ್ ರಾಯರು ಅದನ್ನು ನೋಡಿ, ‘ಪಿರಿಯಾಪಟ್ಟಣ ಅಂತ ಬರಿಯಯ್ಯ, ಯಾರು ಹೋಗಿ ನೋಡ್ತಾರೆ’ ಎಂದರು. ಹಾಗೇ ಬರೆದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಈಗಲೂ ಯಾವುದೋ ಕಡತದಲ್ಲಿ ಆ ಬಾತುಗಳೆಲ್ಲ ಪಿರಿಯಾಪಟ್ಟಣದವೇ.

ರಾಯರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕೆಟ್ಟವರಲ್ಲ. ನಮ್ಮ ಮನೆಯಲ್ಲಿ ಕಾಯಿಲೆಯಾದಾಗ ಔಷಧಿ ಕಳುಹಿಸಿಕೊಟ್ಟವರು. ಆದರೆ ಮೇಲಿನವರು ಮುಖ ಸಪ್ಪಗೆ ಮಾಡಿದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಮುಖ ಅರಳಿಸಲು ಏನು ಬೇಕಾದರೂ ಹೇಳುತ್ತಿದ್ದರು. ಹೇಳಿದ ಮೇಲೆ ಅದನ್ನು ನಿಜ ಮಾಡುವ ಕೆಲಸ ನಮ್ಮದಾಗುತ್ತಿತ್ತು.

ಕಾಳಯ್ಯನ ಪರಿಚಯ ನನಗೆ ಮೀನಿನಿಂದ ಆಯಿತು. ಕೋಡಿಯ ಹತ್ತಿರದ ಗುಡಿಸಲಲ್ಲಿ ಅವನೂ ಅವನ ಹೆಂಡತಿ ದೇವೀರಮ್ಮನೂ ಇದ್ದರು. ಕೆರೆಯಲ್ಲಿ ಮೀನು ಹಿಡಿಯುವುದು ಅವರ ಮನೆತನದ ಕೆಲಸ. ಒಬ್ಬ ಅಧಿಕಾರಿ ಲಕ್ಷ್ಮಣತೀರ್ಥ ಹೊಳೆಗೆ ಗಾಳ ಹಾಕಲು ಬಂದಿದ್ದರು. ಹೊಳೆ ಗೊತ್ತಿದ್ದವನೆಂದು ಕಾಳಯ್ಯನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಆ ಅಧಿಕಾರಿಗಳ ಪದ್ಧತಿ ಏನೆಂದರೆ, ಹಿಡಿದ ಮೀನನ್ನು ಅಳೆದು, ಪುಸ್ತಕದಲ್ಲಿ ಬರೆದುಕೊಂಡು, ಮತ್ತೆ ನೀರಿಗೆ ಬಿಡುವುದು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಒಂದು ಒಳ್ಳೆಯ ಮೀನು ಹಿಡಿದು, ಅಳೆದು, ಬಿಟ್ಟರು. ಸ್ವಲ್ಪ ಕೆಳಗೆ ಸೊಂಟದುದ್ದ ನೀರಲ್ಲಿ ನಿಂತಿದ್ದ ಕಾಳಯ್ಯ ಅದನ್ನು ಗಬಕ್ಕನೆ ಹಿಡಿದು ತಂದು, ‘ಸ್ವಾಮಿ, ಕೈ ಜಾರ್ಬುಡ್ತು’ ಎಂದು ಕೊಟ್ಟ. ಅವರು ಇನ್ನೊಂದು ಸಲ ಬಿಟ್ಟರು. ಇವನು ಇನ್ನೊಂದು ಸಲ ತಂದ. ಮೂರನೆಯ ಸಲ ಮೀನನ್ನು ನನ್ನ ಕೈಗೆ ಕೊಟ್ಟು ಕಿವಿಯಲ್ಲಿ ಹೇಳಿದ:

‘ಗಾರ್ಡಯ್ಯ, ಇವ್ರ ಕೈಯಾಗೆ ಬಲ ಇಲ್ಲ ಕಣ್ರಿ. ನೀವೇ ಗಟ್ಟಿಯಾಗಿ ಇಡ್ಕಳಿ.’

ಕೈಯಲ್ಲಿ ಕೆಲಸ ಇದ್ದಾಗ ಅವನು ಬೇರೆ ಏನನ್ನೂ ಯೋಚಿಸುತ್ತಿರಲಿಲ್ಲ. ಒಪ್ಪಿಕೊಂಡದ್ದನ್ನು ಬಿಡುತ್ತಲೂ ಇರಲಿಲ್ಲ. ಇದನ್ನು ತಿಳಿದುಕೊಂಡಿದ್ದರೆ ಮುಂದಿನದು ಅರ್ಥವಾಗುತ್ತದೆ.

ಅವನಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು, ಅಪ್ಪನಿಂದ ಬಂದದ್ದು. ಬರಿ ಮಡಕೆಗಳನ್ನು ಬೋರಲಾಗಿ ಕೆರೆಯಲ್ಲಿ ತೇಲಿಬಿಡುವುದು. ಎಂಟು ಹತ್ತು ದಿನ ಹಾಗೇ ಬಿಟ್ಟರೆ ಬಾತುಗಳು ಅವಕ್ಕೆ ಒಗ್ಗಿಹೋಗಿ ಪಕ್ಕದಲ್ಲೇ ತೇಲುತ್ತವೆ. ಆಮೇಲೆ ಎರಡು ಕಣ್ಣಿಗೆ ಎರಡು ತೂತು ಕೊರೆದ ಮಡಕೆಯೊಂದನ್ನು ತಲೆಗೆ ಕವುಚಿಕೊಂಡು, ಕತ್ತಿನ ತನಕ ನೀರಲ್ಲಿ ಮುಳುಗಿ, ಮೆಲ್ಲಗೆ ಅವುಗಳ ನಡುವೆ ನಡೆದು ಹೋಗುವುದು. ಕಾಲು ಹಿಡಿದು ಒಂದೊಂದನ್ನೇ ಒಳಗೆ ಎಳೆಯುವುದು. ಪಕ್ಕದ ಹಕ್ಕಿಗೂ ಗೊತ್ತಾಗುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ. ಕೆರೆ ಕಾದಿಟ್ಟದ್ದಾದ್ದರಿಂದ ಅದಕ್ಕೆ ಅನುಮತಿ ಇರಲಿಲ್ಲ. ಅವನು ಮಾಡುತ್ತಿದ್ದ, ನಾನು ಬೇರೆ ಕಡೆ ನೋಡುತ್ತಿದ್ದೆ.

ಆ ವರ್ಷ ದಸರೆಗೆ ಮೈಸೂರಿಗೆ ಬಂದಿದ್ದ ಒಬ್ಬ ದೊರೆ, ಹಬ್ಬ ಮುಗಿಸಿಕೊಂಡು ಬಾತಿನ ಬೇಟೆಗೆ ನಮ್ಮ ಕೆರೆಗೆ ಬರುವರೆಂದು ಕಾಗದ ಬಂತು. ಮದರಾಸಿನ ಕಡೆಯವರು, ದೊಡ್ಡ ಹುದ್ದೆ. ಜೊತೆಗೆ ದೊರೆಸಾನಿಯೂ ಬರುತ್ತಾರೆ, ಅವರಿಗೆ ಹಕ್ಕಿ ನೋಡುವ ಹವ್ಯಾಸ ಎಂದಿತ್ತು. ಹಿಂದಿನ ವರ್ಷ ಅವರು ಎಚ್.ಡಿ. ಕೋಟೆಯ ಕಡೆ ಒಂದು ಕೆರೆಗೆ ಹೋಗಿದ್ದರು. ಅಲ್ಲಿನ ಗಾರ್ಡು ನನಗೆ ಹೇಳಿದ್ದು ಇದು: ದೊರೆ ಮೂರು ದಿನ ಹೊಡೆದರು. ಒಂದು ಹಕ್ಕಿಗೂ ತಾಗಲಿಲ್ಲ. ಒಂದು ದೋಣಿ ತೂತಾಯಿತು. ಆ ವರ್ಷ ಅಲ್ಲಿನ ರೇಂಜರಿಗೆ ಬಂದ ಷರಾ ಚೆನ್ನಾಗಿರಲಿಲ್ಲ.

ರಾಯರು ಇದನ್ನು ಕೇಳಿ ಒಂದು ದಿನ ಊಟ ಬಿಟ್ಟರು. ಮಾರನೆಯ ದಿನ ನನ್ನನ್ನೂ ಕಾಳಯ್ಯನನ್ನೂ ಕರೆಸಿ ಉಪಾಯ ಹೇಳಿದರು. ಕಾಳಯ್ಯ ಮಡಕೆಯೊಳಗೆ ಬಾತುಗಳ ನಡುವೆ ಇರಬೇಕು. ದೊರೆ ಒಂದು ಗುಂಡು ಹಾರಿಸಿದಾಗ, ಹಕ್ಕಿಗಳು ಏಳುವ ಕ್ಷಣದಲ್ಲೇ, ಒಂದನ್ನು ಒಳಗೆ ಎಳೆದು, ಕತ್ತು ತಿರುವಿ, ತೇಲಿಬಿಡಬೇಕು. ಹೊಡೆದವರು ದೊರೆಯೇ ಎಂದು ಆಗುತ್ತದೆ.

‘ಗುಂಡಿಗೊಂದು ಬಾತು. ಲೆಕ್ಕ ತಪ್ಪಬಾರದು ಕಾಳಯ್ಯ’ ಎಂದರು ರಾಯರು.

‘ಸದ್ದು ಕೇಳುಸ್ತದಾ ಸ್ವಾಮಿ ಮಡಕೆ ಒಳೀಕೆ?’ ಎಂದ ಕಾಳಯ್ಯ. ‘ಗುಂಯ್ ಅಂತದೆ. ಆಯ್ತು ಬುಡಿ, ಗುಂಯ್ ಅಂದ್ರೆ ಒಂದು.’

ಅವನು ಕೇಳಿದ್ದು ಅಷ್ಟೇ. ಕೇಳಬೇಕಾದ್ದನ್ನು ಕೇಳಿದ್ದು ದೇವೀರಮ್ಮ. ಸಂಜೆ ನನ್ನ ಬಿಡಾರದ ಮುಂದೆ ಬಂದು ನಿಂತಳು. ‘ಅಯ್ಯಾ, ಬಾತಿನ ನಡೂಕೆ ನಮ್ಮೋರು. ಬಾತಿಗೆ ಗುಂಡು. ಇದು ನಿಮ್ಗೆ ಸರಿ ಕಾಣ್ತದಾ?’ ಎಂದಳು.

ಸ್ವಲ್ಪ ಹೊತ್ತು ಯೋಚಿಸಿ, ತೋಟಾದೊಳಗಿನ ಸೀಸದ ಕಾಳು ತೆಗೆದು ರಾಗಿ ತುಂಬುತ್ತೇನೆ ಎಂದೆ. ಸದ್ದು ಬರುತ್ತದೆ, ಹೊಗೆ ಬರುತ್ತದೆ, ನೋವಾಗುವುದಿಲ್ಲ. ಅವಳು ನನ್ನನ್ನು ನೋಡಿದಳು. ಮನೆಗೆ ಹೋಗಿ ಒಂದು ಪಾವು ರಾಗಿ ತಂದು, ಕಲ್ಲು ಮಣ್ಣು ಆರಿಸಿ, ಕೊಟ್ಟಳು. ‘ಇದ್ನೇ ತುಂಬ್ಬೇಕು ನೀವು’ ಎಂದಳು. ರಾಯರಿಗೆ ಹೇಳಿದೆ. ಅವರು, ‘ಮಾಡಯ್ಯ, ಬಾಯಿ ಬಿಡಬೇಡ’ ಎಂದರು.

ದೊರೆ ಬಂದದ್ದು ನವಮಿಯ ಮಧ್ಯಾಹ್ನ. ಬರಬೇಕಾದ್ದಕ್ಕಿಂತ ಎರಡು ದಿನ ಮೊದಲೇ ಬಂದಿದ್ದರು. ಅವರು ಸ್ನಾನ ಮಾಡಿ ಮಲಗಿದ ಹೊತ್ತಿನಲ್ಲಿ ನಾನು ಡೇರೆಯ ಹಿಂದೆ ಕೂತು ತೋಟಾಗಳ ಮೇಲಿನ ರಟ್ಟಿನ ಬಿಲ್ಲೆ ಬಿಡಿಸಿದೆ. ಸೀಸ ಸುರಿದು, ರಾಗಿ ತುಂಬಿ, ಬಿಲ್ಲೆ ಮುಚ್ಚಿ ಮೇಣ ಹಚ್ಚಿದೆ. ಒಟ್ಟು ಇಪ್ಪತ್ತೈದು ತೋಟಾಗಳು. ಹದಿನೈದಕ್ಕೆ ರಾಗಿ ತುಂಬಿದೆ, ಹತ್ತನ್ನು ಹಾಗೇ ಬಿಟ್ಟೆ. ಮಾರನೆಯ ದಿನ ಸಂಜೆ ಗದ್ದೆ ಬಯಲಲ್ಲಿ ಕವುಜುಗ ಹಕ್ಕಿಯ ಬೇಟೆಯೂ ಇತ್ತು, ಅದಕ್ಕೆ ನಿಜವಾದ ತೋಟಾ ಇರಲಿ ಎಂದು ರಾಯರು ಹೇಳಿದ್ದರು. ಗುರುತಿಗಾಗಿ ರಾಗಿಯ ತೋಟಾಗಳ ತಲೆಗೆ ಒಂದೊಂದು ಬೊಟ್ಟು ಕುಂಕುಮ ಇಟ್ಟೆ. ಬೇರೆ ಬಣ್ಣ ಕೈಗೆ ಸಿಕ್ಕಲಿಲ್ಲ. ಇದು ಜಾಣತನ ಎಂದೇ ಅಂದುಕೊಂಡೆ.

ದೊರೆಯ ಬಂದೂಕು ಹಿಡಿಯಲು ನಮ್ಮ ದಫೇದಾರ್ ಬಸಪ್ಪನವರನ್ನು ನೇಮಿಸಿದ್ದರು. ದೈವಭಕ್ತರು, ನಿಧಾನಸ್ಥರು. ಕೆರೆಯಲ್ಲಿ ಕುಂಕುಮದ ತೋಟಾಗಳನ್ನೇ ಕೊಡಬೇಕು ಎಂದು ಅವರಿಗೆ ಎರಡು ಸಲ ಹೇಳಿದೆ. ಏಕೆ ಎಂದು ಮಾತ್ರ ಹೇಳಲಿಲ್ಲ. ರಾಯರು ಬಾಯಿ ಬಿಡಬೇಡ ಎಂದಿದ್ದರಲ್ಲ.

ದಶಮಿಯ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಕಾಳಯ್ಯ ನೀರಿಗಿಳಿದ. ಕೆರೆಯಲ್ಲಿ ಒಂಬತ್ತು ಮಡಕೆ ತೇಲುತ್ತಿದ್ದವು. ಅದರಲ್ಲಿ ಒಂದು ಅವನು. ದೊರೆ ಏರಿಯ ಕೆಳಗೆ ಜೊಂಡಿನ ಮರೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಅಲ್ಲಿಂದ ಬಾತುಗಳಿಗೆ ನಲವತ್ತು ಗಜ ಇರಬಹುದು. ಬಲಕ್ಕೆ ಹೊಂಗೆ ಮರದ ಬುಡದಲ್ಲಿ ದೊರೆಸಾನಿ ದುರ್ಬೀನು, ಪುಸ್ತಕ ಹಿಡಿದು ಕೂತಿದ್ದರು. ನಾನು ದೊರೆಯ ಹಿಂದೆ ಆರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಸಪ್ಪನವರು ತೋಟಾದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಬಂದರು. ಇಪ್ಪತ್ತೈದು ತೋಟಾಗಳ ತಲೆಯ ಮೇಲೂ ಕುಂಕುಮ ಇತ್ತು.

ಮೊದಲು ನನ್ನ ಕಣ್ಣೇ ತಪ್ಪಿರಬೇಕೆಂದುಕೊಂಡೆ. ಎಣಿಸಿದೆ. ಇಪ್ಪತ್ತೈದೇ.

‘ಬಸಪ್ಪನವರೇ, ಇದೇನಿದು?’

‘ನಿನ್ನೆ ಆಯುಧಪೂಜೆ ಅಲ್ವೇನಪ್ಪ. ನೀನು ಅರ್ಧಂಬರ್ಧ ಇಟ್ಟು ಎದ್ದೋಗಿದ್ದೆ. ನಾನು ಪೂರ್ತಿ ಮಾಡ್ದೆ. ಒಂದ್ಕಿಟ್ಟು ಒಂದ್ಕೆ ಬುಟ್ರೆ ಚಾಮುಂಡವ್ವ ಮೆಚ್ತಾಳಾ?’

ಬಂದೂಕಿನ ನಳಿಗೆಗೂ ಕುಂಕುಮ ಇತ್ತು. ದೊರೆಯ ಮಡಚುವ ಕುರ್ಚಿಯ ಕಾಲಿಗೂ ಇತ್ತು.

ನಾನು ದೊರೆಯ ಆಚೆ ಪಕ್ಕ ನಿಂತಿದ್ದ ರಾಯರ ಬಳಿ ಹೋಗಿ ಪಿಸುಮಾತಿನಲ್ಲಿ ಹೇಳಿದೆ. ಅವರ ಮುಖ ಬಿಳುಚಿತು. ಆಮೇಲೆ, ‘ಯೋಚಿಸು ನಂಜುಂಡಯ್ಯ. ಈ ಮನುಷ್ಯನ ಗುರಿ ಇದುವರೆಗೆ ಎಲ್ಲಾದರೂ ತಾಗಿದೆಯಾ? ಇವರು ಎಲ್ಲಿಗೆ ಗುರಿ ಇಡ್ತಾರೋ ಇಡೀ ಕೆರೆಯಲ್ಲಿ ಅದೇ ಭದ್ರವಾದ ಜಾಗ’ ಎಂದರು.

ಆ ಮಾತಿನಲ್ಲಿ ಆಗ ನನಗೆ ನ್ಯಾಯ ಕಂಡಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ಮೊದಲ ಗುಂಡು ಹಾರಿತು. ಹಕ್ಕಿಗಳು ಎದ್ದವು. ಒಂದು ಏಳಲಿಲ್ಲ. ಅದು ತೇಲುವುದನ್ನು ಕಂಡು ದೊರೆ ಕುರ್ಚಿಯಿಂದ ಎದ್ದು ನಿಂತರು. ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಹಕ್ಕಿಗಳು ಒಂದು ಸುತ್ತು ಹಾಕಿ ಮತ್ತೆ ಇಳಿದವು. ಎರಡನೆಯ ಗುಂಡು, ಎರಡನೆಯ ಹಕ್ಕಿ. ಮೂರನೆಯದೂ ಹಾಗೇ. ನಾನು ನೋಡುತ್ತಿದ್ದುದು ಹಕ್ಕಿಯನ್ನಲ್ಲ, ದೊರೆಯ ಬಲ ಹೆಗಲನ್ನು. ರಾಗಿ ಹಗುರ, ಬಂದೂಕು ಅಷ್ಟಾಗಿ ಒದೆಯುವುದಿಲ್ಲ. ಮೂರು ಸಲವೂ ಹೆಗಲು ಅಲುಗಲಿಲ್ಲ. ನಾಲ್ಕನೆಯ ಸಲವೂ ಅಲುಗಲಿಲ್ಲ. ನನಗೆ ಉಸಿರು ಬಂತು.

ಅಷ್ಟರಲ್ಲಿ ಏರಿಯ ಮೇಲೆ ದೊರೆಯ ಮೋಟಾರಿನ ಡ್ರೈವರು ಬಾಗಿಲನ್ನು ದಢಾರನೆ ಹಾಕಿದ. ಒಂದು ಬಾತು ಬುಳಕ್ಕನೆ ಮುಳುಗಿ, ಸತ್ತು ತೇಲಿತು. ದೊರೆಯ ಬಂದೂಕು ಆಗ ಅವರ ಮೊಣಕಾಲ ಮೇಲೆ ಇತ್ತು. ಅವರು ಬಂದೂಕನ್ನು ನೋಡಿದರು, ಬಾತನ್ನು ನೋಡಿದರು, ರಾಯರನ್ನು ನೋಡಿದರು. ರಾಯರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆಮೇಲೆ ನನಗೆ ಹೇಳಿದ ಪ್ರಕಾರ ಅದು, ‘ಹಿಂದಿನ ನಾಲ್ಕನ್ನು ನೋಡಿ ಎದೆಯೊಡೆದು ಸತ್ತಿರಬೇಕು’ ಎಂದು.

ದೊರೆ ನಂಬಿದರು. ದೊರೆಸಾನಿ ನಂಬಲಿಲ್ಲ. ಅವರು ಪುಸ್ತಕ ಹಿಡಿದುಕೊಂಡು ಎದ್ದು ಬಂದು ಗಂಡನಿಗೆ ಏನೋ ತೋರಿಸಿದರು. ಎಂಟು ಮಡಕೆಗಳು ಗಾಳಿಯ ದಿಕ್ಕಿಗೆ ಹೋಗುತ್ತಿವೆ, ಒಂದು ಮಾತ್ರ ಗಾಳಿಗೆ ಎದುರಾಗಿ ಹೋಗುತ್ತಿದೆ ಎಂದು ಅವರು ಹೇಳಿದ್ದಂತೆ. ಬೆರಳು ತೋರಿಸಿದ ಕಡೆ ನೋಡಿದರೆ ನಮಗೂ ಕಾಣುತ್ತಿತ್ತು. ಅದೇನೆಂದು ದೊರೆ ರಾಯರನ್ನು ಕೇಳಿದರು. ರಾಯರ ಬಾಯಿಂದ ತಟ್ಟನೆ ಬಂದ ಮಾತು, ‘ಆಮೆ’. ಮಡಕೆಯೊಳಗೆ ಆಮೆ ಸೇರಿಕೊಂಡಿದೆ ಎಂದು.

ದೊರೆ ಅದುವರೆಗೆ ಆಮೆ ಹೊಡೆದಿರಲಿಲ್ಲವಂತೆ. ಬಸಪ್ಪನವರ ಕಡೆ ಕೈ ಚಾಚಿದರು. ಬಸಪ್ಪನವರು ಒಂದು ತೋಟಾ ತೆಗೆದು, ಕಣ್ಣಿಗೊತ್ತಿಕೊಂಡು, ಕೊಟ್ಟರು.

ಮುಂದಿನದನ್ನು ನಾನು ನಿಧಾನವಾಗಿ ಬರೆಯಬೇಕು. ದೊರೆ ತೋಟಾ ಹಾಕಿದರು. ಮೊಣಕಾಲ ಮೇಲೆ ಮೊಣಕೈ ಊರಿದರು. ಹಾರುವ ಹಕ್ಕಿಗೆ ಗಡಿಬಿಡಿಯಲ್ಲಿ ಹೊಡೆಯುತ್ತಿದ್ದ ಮನುಷ್ಯ ಈಗ ಗಡಿಬಿಡಿ ಇಲ್ಲದೆ ಗುರಿ ಇಟ್ಟರು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದರೆ, ನಾನು ಮೂರು ಸಲ ಉಸಿರು ಎಳೆದು ಬಿಟ್ಟೆ. ಕೂಗಲು ಒಂದು ಉಸಿರು ಸಾಕು. ಕೂಗಿದರೆ ರಾಯರ ಮಾನ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ. ಕೂಗದಿದ್ದರೆ ಅದು ರಾಗಿಯೂ ಇರಬಹುದು. ನಾನು ರಾಗಿ ಹದಿನೈದು, ಸೀಸ ಹತ್ತು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ನಾಲ್ಕು ಹೋಗಿದೆ, ಹನ್ನೊಂದು, ಹತ್ತು. ಇದು ನನ್ನ ಮೂರನೆಯ ಉಸಿರು. ನಾನು ಕೂಗಲಿಲ್ಲ.

ಬಂದೂಕು ಹಾರಿತು. ದೊರೆಯ ಹೆಗಲು ಹಿಂದಕ್ಕೆ ಹೋಯಿತು.

ಮಡಕೆ ಒಡೆಯಿತು. ಬಾತುಗಳು ಎದ್ದುಹೋದ ನೀರಿನ ನಡುವೆ ಕಾಳಯ್ಯ ಎದ್ದು ನಿಂತ. ಮಡಕೆಯ ಬಾಯಿ ಬಳೆಯ ಹಾಗೆ ಅವನ ಕತ್ತಿನಲ್ಲೇ ಉಳಿದಿತ್ತು. ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು. ಎರಡು ಕೈಯಲ್ಲೂ ಒಂದೊಂದು ಬಾತು. ಗುಂಯ್ ಅಂದಿತ್ತಲ್ಲ, ಅವನು ಎಳೆದಿದ್ದ. ಹೆದರಿಕೆಗೆ ಎರಡು ಕೈಯಲ್ಲೂ ಎಳೆದಿದ್ದ. ದೊರೆ ತನ್ನನ್ನು ನೋಡುತ್ತಿದ್ದಾರೆ ಎಂದು ತಿಳಿದು, ಬಾತು ಹಿಡಿದ ಕೈಗಳನ್ನೇ ಜೋಡಿಸಿ ನಮಸ್ಕಾರ ಮಾಡಿದ.

ದೊರೆಸಾನಿ ಕಿರುಚಿದರು. ದೊರೆಯ ಕೈಯಿಂದ ಬಂದೂಕು ಜಾರಿತು. ರಾಯರು ತಡಮಾಡಲಿಲ್ಲ. ಅವನು ಸತ್ತ ಹಕ್ಕಿಗಳನ್ನು ಹೆಕ್ಕಿ ತರುವ ಆಳು ಎಂದರು. ಹಾಗಾದರೆ ಮಡಕೆ ಏಕೆ ಎಂದು ದೊರೆ ಕೇಳಿದರು.

‘ಬಿಸಿಲಿಗೆ’ ಎಂದರು ರಾಯರು. ‘ಈ ಸೀಮೆಯಲ್ಲಿ ಬಡವರ ಟೋಪಿ ಅದೇ.’

ದೊರೆ ತಮ್ಮ ತಲೆಯ ಮೇಲಿನ ಟೋಪಿಯನ್ನು ಮುಟ್ಟಿ ನೋಡಿಕೊಂಡು, ಗಂಭೀರವಾಗಿ ತಲೆಯಾಡಿಸಿದರು.

ಗಾಯಕ್ಕೆ ಔಷಧಿ ಹಚ್ಚಿದವರು ದೊರೆಸಾನಿ. ಕಿವಿಯ ಹಿಂದೆ, ಚರ್ಮದ ಕೆಳಗೆ, ಒಂದು ಕಾಳು ಕೂತಿತ್ತು. ಅದನ್ನು ಕೀಳುವುದು ಬೇಡ, ಹಾಗೇ ಇರಲಿ ಎಂದರು. ಅಷ್ಟರಲ್ಲಿ ನಾನು ನೀರಿಗಿಳಿದು ಮಡಕೆಯ ಚೂರುಗಳನ್ನು ಆರಿಸಿ ತಂದಿದ್ದೆ. ಒಂದು ಚೂರಿನಲ್ಲಿ ಸೀಸದ ಕಾಳು ಕಚ್ಚಿಕೊಂಡಿತ್ತು. ಉಗುರಿನಿಂದ ಕಿತ್ತು ಕೆರೆಗೆ ಎಸೆದೆ. ಕಾಳಯ್ಯ ಕಿವಿಯ ಹಿಂದೆ ಮುಟ್ಟಿಕೊಂಡು ನನ್ನನ್ನು ಕೇಳಿದ:

‘ಗಾರ್ಡಯ್ಯ, ಇದು ಏನ್ರಿ ಗಟ್ಟಿಗೆ ಸಿಕ್ತದೆ?’

‘ರಾಗಿ’ ಎಂದೆ.

‘ಅಂಗಾರೆ ಮಡಕೆ ಯಾಕೊಡೀತು?’

‘ಹಳೇ ಮಡಕೆ’ ಎಂದೆ.

ನನ್ನ ಸೇವೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಕುಂಕುಮದ್ದಲ್ಲ. ಈ ಎರಡು ಉತ್ತರಗಳು.

ಅವನು ನಂಬಿದ. ನಂಬಿದ್ದಷ್ಟೇ ಅಲ್ಲ, ಗಾವಡಗೆರೆ ಸಂತೆಯಲ್ಲಿ ಕಂಡವರಿಗೆಲ್ಲ ಕಿವಿ ಮಡಿಸಿ ತೋರಿಸುತ್ತಿದ್ದ. ‘ಮುಟ್ ನೋಡ್ಲಾ, ರಾಗಿ ಕಣ್ಲಾ. ನಮ್ ಗಾರ್ಡಯ್ಯ ತುಂಬಿದ್ದು. ಸೀಸ ಆಗಿದ್ರೆ ನನ್ನ ತಿಥಿ ಊಟ ಉಂಡಿರ್ತಿದ್ದೆ ನೀನು!’ ಎನ್ನುತ್ತಿದ್ದ. ಜನ ಮುಟ್ಟುತ್ತಿದ್ದರು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನಾನು ಸಂತೆಗೆ ಹೋಗುವುದನ್ನೇ ಬಿಟ್ಟೆ.

ಕ್ರಿಸ್‌ಮಸ್ ರಜೆಗೆ ಅದೇ ದೊರೆ ಮತ್ತೆ ಬರುತ್ತೇನೆಂದು ಬರೆದರು. ಈ ಸಲ ಮೂವರು ಸ್ನೇಹಿತರನ್ನೂ ಕರೆತರುತ್ತಾರೆ. ಅವರ ಬಂದೂಕು, ಅವರ ತೋಟಾ, ಅವರದೇ ಆಳುಗಳು. ದೊರೆಸಾನಿ ಬರುವುದಿಲ್ಲ. ರಾಯರು ನನಗೆ ತಿಳಿಸದೆಯೇ ಕಾಳಯ್ಯನನ್ನು ಕರೆಸಿ ಒಪ್ಪಿಸಿಬಿಟ್ಟಿದ್ದರು. ಗೊತ್ತಾದ ಕೂಡಲೇ ನಾನು ಕೋಡಿಗೆ ಓಡಿದೆ. ಅವನು ಹೊಸ ಮಡಕೆಗೆ ಕಣ್ಣು ಕೊರೆಯುತ್ತಿದ್ದ.

‘ಬೇಡ ಕಾಳಯ್ಯ. ಇದಕ್ಕೆ ಒಪ್ಪಬೇಡ.’

‘ಯಾಕ್ರಯ್ಯ? ಹೋದ್ಸಲ ಏನಾಯ್ತು? ಒಂದ್ಕಾಳು ರಾಗಿ ತಾನೆ’ ಎಂದು ನಕ್ಕ. ‘ನಾಲ್ಕು ಬಂದೂಕಂತೆ. ನಾಲ್ಕು ಕಾಳು ಹತ್ತಿದ್ರೆ ಒಂದ್ ರೊಟ್ಟಿಗಾಯ್ತದೆ, ಬುಡಿ.’

ಈ ಸಲ ತೋಟಾ ನನ್ನ ಕೈಗೆ ಬರುವುದಿಲ್ಲ ಎಂದೆ. ‘ನೀವು ಎಂಗಾರಾ ಮಾಡ್ತೀರಿ’ ಎಂದ. ಬೆನ್ನು ತಿರುಗಿಸಿಕೊಂಡು ಕೊರೆಯುತ್ತಲೇ ಇದ್ದ.

ವಾಪಸು ಬರುವಾಗ ತೂಬಿನ ಹತ್ತಿರ ದೇವೀರಮ್ಮ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು.

‘ಅಯ್ಯಾ, ಒಂದ್ಮಾತು. ದಸರೇಲಿ ಕಿವೀಲಿ ಒಕ್ಕ ಕಾಳು. ಈಗ ಸಂಕ್ರಾಂತಿ ಹತ್ರ ಬಂತು. ರಾಗಿ ಆಗಿದ್ರೆ ಇಷ್ಟೊತ್ಗೆ ಮೊಳೀಬೇಕಿತ್ತಲ್ವಾ?’

ಅವಳು ನಗುತ್ತಿರಲಿಲ್ಲ. ನಾನು ಆ ಕಡೆ ಈ ಕಡೆ ನೋಡಿದೆ. ಆಮೇಲೆ ಹೇಳಿದೆ. ಅದು ಸೀಸ ಎಂದೆ. ತೋಟಾಗಳು ಕಲೆತುಹೋದದ್ದನ್ನು ಹೇಳಿದೆ. ಅದು ನನಗೆ ಮೊದಲೇ ಗೊತ್ತಿತ್ತು, ಕೂಗಲು ಹೊತ್ತು ಇತ್ತು, ಕೂಗಲಿಲ್ಲ ಎಂದೂ ಹೇಳಿದೆ. ಅವಳು ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕೆ ಏರಿಸಿಕೊಂಡು ಹೊರಟುಹೋದಳು. ಬಯ್ದಿದ್ದರೆ ಚೆನ್ನಾಗಿತ್ತು.

ಬೇಟೆಯ ದಿನ ಬೆಳಗ್ಗೆ ಗುಡಿಸಲಿನ ಬಾಗಿಲು ಹಾಕಿತ್ತು. ಕೆರೆಯಲ್ಲಿ ಮಡಕೆಗಳು ತೇಲುತ್ತಿದ್ದವು. ಹೊತ್ತಿನ ಮುಂಚೆ ಮಂಜು ಬೇರೆ. ಯಾವ ಮಡಕೆಯಲ್ಲಿ ಅವನಿದ್ದಾನೆ ಎಂದು ತಿಳಿಯಲಿಲ್ಲ. ನಾಲ್ವರು ದೊರೆಗಳು ಜೊಂಡಿನ ಮರೆಯಲ್ಲಿ ಸಾಲಾಗಿ ಕೂತರು. ನಮ್ಮ ದೊರೆ ಉಳಿದವರಿಗೆ ಏನೋ ಹೇಳಿಕೊಡುತ್ತಿದ್ದರು. ಸ್ನೇಹಿತರ ಕೈ ನೋಡಿದೆ. ಬಂದೂಕು ಹಿಡಿದು ಪಳಗಿದ ಕೈಗಳು. ಮಂಜು ಕರಗಿತು. ಬಾತುಗಳ ನಡುವೆ ಒಂದು ಮಡಕೆ ಅಲುಗಿದಂತೆ ಕಂಡಿತು. ನಾಲ್ಕು ಬಂದೂಕು ಮೇಲೆದ್ದವು.

ನಾನು ಕೂಗಿದೆ. ‘ಕಾಳಯ್ಯಾ! ಏಳೋ! ಎದ್ದು ನಿಲ್ಲೋ!’

ನನ್ನ ಗಂಟಲಿನಲ್ಲಿ ಅಂಥ ಸದ್ದು ಇದೆ ಎಂದು ನನಗೇ ಗೊತ್ತಿರಲಿಲ್ಲ. ಇಡೀ ಕೆರೆ ಎದ್ದಿತು. ಬಾತು, ಕೊಕ್ಕರೆ, ನೀರುಕಾಗೆ, ಹುಂಡುಕೋಳಿ, ಎಲ್ಲವೂ. ಆಕಾಶ ಒಂದು ಗಳಿಗೆ ಕಪ್ಪಾಯಿತು. ದೊರೆಗಳು ತಲೆ ಬಗ್ಗಿಸಿಕೊಂಡರು. ಆಮೇಲೆ ನಿಶ್ಶಬ್ದವಾಯಿತು. ನೀರಿನ ಮೇಲೆ ಮಡಕೆಗಳಷ್ಟೇ ಉಳಿದಿದ್ದವು. ಒಂದೂ ಏಳಲಿಲ್ಲ. ನಾನು ಕೋಟು ಸಮೇತ ನೀರಿಗಿಳಿದು ಹತ್ತಿರದ ಮಡಕೆಯನ್ನು ಎತ್ತಿದೆ. ಬರಿ ಮಡಕೆ. ಇನ್ನೊಂದು ಎತ್ತಿದೆ. ಅದೂ ಬರಿದು.

‘ಗಾರ್ಡಯ್ಯ!’ ಎಂದು ಏರಿಯ ಮೇಲಿನಿಂದ ದನಿ ಬಂತು. ‘ಯಾರ್ನ ಉಡುಕ್ತಾ ಇದ್ದೀರಿ? ನಾನು ಇಲ್ಲೇ ಇವ್ನಲ್ಲ!’

ಕಾಳಯ್ಯ ಕಂಬಳಿ ಹೊದ್ದು, ಮಡಿಲಲ್ಲಿ ಕಡಲೆಪುರಿ ಇಟ್ಟುಕೊಂಡು ಕೂತಿದ್ದ. ನಾನು ಹತ್ತಿ ಹೋದೆ. ಕೋಟಿನಿಂದ ನೀರು ಸುರಿಯುತ್ತಿತ್ತು.

‘ನೀರಿಗೆ ಇಳೀಲಿಲ್ವಾ?’

‘ಎಂಗಿಳೀಲಿ? ನಮ್ಮೋಳು ನನ್ ಮಡಕೆ ಕಣ್ಣಿಗೆ ಸಗಣಿ ಮೆತ್ತಿ, ಒಳೀಕೆ ರಾಗಿ ತುಂಬಿ, ಮ್ಯಾಲೆ ಕಲ್ಲೇರಿ, ಅಟ್ಟದ ಮ್ಯಾಲೆ ಇಕ್ಕವ್ಳೆ. ಮುಟ್ಟಿದ್ರೆ ಕೈ ಮುರೀತೀನಿ ಅಂದ್ಲು. ಯಾಕೆ ಅಂದ್ರೆ ಗಾರ್ಡಯ್ಯನ್ನೇ ಕೇಳ್ಹೋಗು ಅಂದ್ಲು. ಅದ್ಕೇ ಕೇಳಾಣ ಅಂತ ಬಂದು ಕುಂತೆ.’

ಕೆಳಗೆ ರಾಯರು ನಾಲ್ವರು ದೊರೆಗಳಿಗೆ ಏನೋ ವಿವರಿಸುತ್ತಿದ್ದರು. ಅವರ ಕೈ ಆಡುವುದು ಕಾಣುತ್ತಿತ್ತು. ನಾನು ಕಾಳಯ್ಯನ ಪಕ್ಕದಲ್ಲಿ ಕೂತೆ. ದಸರೆಯ ದಿನದ್ದನ್ನೆಲ್ಲ, ನನ್ನ ಮೂರು ಉಸಿರನ್ನೂ ಬಿಡದೆ, ಹೇಳಿದೆ. ಅವನು ಪುರಿ ತಿನ್ನುವುದನ್ನು ನಿಲ್ಲಿಸಿದ. ಕಿವಿಯ ಹಿಂದೆ ಬೆರಳಿಟ್ಟು ಬಹಳ ಹೊತ್ತು ಕೆರೆಯನ್ನೇ ನೋಡಿದ.

‘ಊರಿಗೆಲ್ಲಾ ರಾಗಿ ಅಂದ್ಬುಟ್ಟಿವ್ನಲ್ರಿ’ ಎಂದ. ಆಮೇಲೆ, ‘ಇವತ್ತು ಕೂಗುದ್ರಲ್ಲ’ ಎಂದ. ಪುರಿಯ ಮಡಿಲನ್ನು ನನ್ನ ಕಡೆ ಚಾಚಲಿಲ್ಲ. ಎದ್ದು, ಕಂಬಳಿ ಕೊಡವಿಕೊಂಡು, ಮನೆಯ ಕಡೆ ನಡೆದ.

ಮೂರನೆಯ ದಿನ ನನಗೆ ಕಾಗದ ಬಂತು. ಸದರಿ ಗಾರ್ಡು, ದೊರೆಗಳು ಬಂದೂಕು ಎತ್ತಿದ ಸಮಯದಲ್ಲಿ, ಖಾಲಿ ಮಡಕೆಯನ್ನು ಉದ್ದೇಶಿಸಿ ಕಾರಣವಿಲ್ಲದೆ ಗಟ್ಟಿಯಾಗಿ ಕೂಗಿ, ಕೆರೆಯ ಸಮಸ್ತ ಹಕ್ಕಿಗಳನ್ನು ಚದುರಿಸಿದ್ದು ಏಕೆಂಬುದಕ್ಕೆ ಲಿಖಿತ ಸಮಜಾಯಿಷಿ ಕೊಡತಕ್ಕದ್ದು ಎಂದಿತ್ತು. ನಾಲ್ಕು ಹಾಳೆ ಬರೆದೆ. ಕುಂಕುಮ, ರಾಗಿ, ಆಮೆ, ಬಡವರ ಟೋಪಿ, ಎಲ್ಲವನ್ನೂ ನಡೆದಂತೆ ಬರೆದೆ. ರಾಯರು ನಿಂತೇ ಓದಿದರು. ಓದುತ್ತಾ ಕೂತುಬಿಟ್ಟರು. ‘ಇದನ್ನು ಕಳಿಸಿದರೆ ನನಗೆ ಮೂರು ಮಕ್ಕಳು ನಂಜುಂಡಯ್ಯ’ ಎಂದರು. ಆ ಹಾಳೆಗಳನ್ನು ನಾನೇ ಹರಿದೆ.

ಎಚ್.ಡಿ. ಕೋಟೆ ಕಡೆ, ಹ್ಯಾಂಡ್‌ಪೋಸ್ಟಿನ ಆಚೆಯ ಕಾಡಿಗೆ ನನಗೆ ವರ್ಗವಾಗುತ್ತದೆ ಎಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಇನ್ನೊಂದು ಹಾಳೆ ತೆಗೆದುಕೊಂಡು ಒಂದೇ ಸಾಲು ಬರೆದೆ. ರಾಯರು ಅದನ್ನು ನೋಡಿ, ‘ಇಷ್ಟೇನಾ?’ ಎಂದರು.

‘ಇಷ್ಟೇ ಸ್ವಾಮಿ’ ಎಂದು ಸಹಿ ಹಾಕಿದೆ.

‘ಮಡಕೆ ಖಾಲಿಯೆಂದು ನನಗೆ ತಿಳಿದಿರಲಿಲ್ಲ.’